ಬಿಸಿಲು ಭಾಳ ಅದ, ಬ್ಯಾಟರಿ ತುಂಬಲ್ದು

ಕಲಬುರಗಿಯವರು ತಮ್ಮ ಊರಿನ ಎರಡು ಸಂಗತಿಗಳ ಬಗ್ಗೆ ಯಾರೇ ಹಗುರಾಗಿ ಮಾತಾಡಿದರೂ ಸಹಿಸುವುದಿಲ್ಲ. ಒಂದು ತೊಗರಿಬೇಳೆ, ಇನ್ನೊಂದು ಬಿಸಿಲು. ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಬಿಸಿಲಿಗೂ ಅರ್ಜಿ ಹಾಕಿದ್ದರೆ ಸಿಗುತ್ತಿತ್ತೇನೋ. ರಾಯಚೂರಿನವರು ತಕರಾರು ತೆಗೆಯುತ್ತಿದ್ದರು, ಅಷ್ಟೆ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಸರ್ಕಾರವೂ ಬಿಸಿಲಿಗೆ ಮಣಿದು, ಆ ಎರಡು ತಿಂಗಳು ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆಗೆಸಿ ಮಧ್ಯಾಹ್ನ 1.30ಕ್ಕೆ ಮುಚ್ಚಿಸುತ್ತದೆ.

ಇಂಥ ಊರಿನ ಸೋಲಾರ್ ಅಂಗಡಿಯೊಳಗೆ ಬೆವರು ಒರೆಸಿಕೊಳ್ಳುತ್ತ ಬಂದ ಗಿರಾಕಿ "ಬಿಸಿಲು ಭಾಳ ಅದರಿ, ಬ್ಯಾಟರಿ ಮಾತ್ರ ತುಂಬಲ್ದು" ಎಂದರೆ ಕೇಳಿದವರಿಗೆ ನಗು ಬರಬೇಕು. ಬರುವುದಿಲ್ಲ. ಯಾಕೆಂದರೆ ಬೇಸಿಗೆಯಲ್ಲಿ ಅದೇ ದೂರು ಹೊತ್ತು ಬರುವವರು ಬೇಕಾದಷ್ಟು ಮಂದಿ.

ಆ ಪೈಕಿ ಒಬ್ಬರು ಗಣಿತ ಕಲಿಸಿ ನಿವೃತ್ತರಾದ ಮಾಸ್ತರ್ರು. ಮನೆ ಕಲಬುರಗಿಯಲ್ಲಿ, ತೋಟ ಕಮಲಾಪುರದ ಹತ್ತಿರ. ಹುಮನಾಬಾದ್ ರಸ್ತೆ ಹಿಡಿದರೆ 35 ಕಿಲೋಮೀಟರಿನ ಆಸುಪಾಸು. 2017ರ ಅಕ್ಟೋಬರಿನಲ್ಲಿ ಬೀದರ್–ಕಲಬುರಗಿ ರೈಲು ಶುರುವಾದ ಮೇಲೆ ಕಮಲಾಪುರಕ್ಕೂ ಸ್ಟೇಷನ್ ಬಂದಿದೆ. ಆದರೂ ಮಾಸ್ತರ್ರಿಗೆ ಬಸ್ಸೇ ಆಗಬೇಕು. ರೈಲಿನಲ್ಲಿ ಚಿಲ್ಲರೆಗಾಗಿ ಜಗಳವಾಡಲು ಯಾರೂ ಸಿಗುವುದಿಲ್ಲ ಎಂಬುದು ಅವರ ಹೆಂಡತಿಯ ವಿವರಣೆ. ಈ ಚಿಲ್ಲರೆಯ ಮಾತು ಮುಂದೆ ಮತ್ತೆ ಬರಲಿದೆ.

ತೋಟದಲ್ಲಿರುವುದು ಕಮಲಾಪುರದ ಕೆಂಪು ಬಾಳೆ. ಅದಕ್ಕೂ ಜಿಐ ಟ್ಯಾಗ್ ಇದೆ. ಗೊನೆ ಕಡಿಯಲು ಹತ್ತಿರ ಹತ್ತಿರ ಒಂದೂವರೆ ವರ್ಷ ಕಾಯಬೇಕು. ಕಾದದ್ದಕ್ಕೆ ತಕ್ಕ ರೇಟೂ ಉಂಟು. ಕಾಯುವುದೆಂದರೆ ಹಂದಿ ಕಾಯುವುದೂ ಸೇರಿತು. ಪಂಪ್‌ಸೆಟ್ಟಿಗೆ ಬರುವ ತ್ರೀಫೇಸ್ ಕರೆಂಟು ದಿನಕ್ಕೆ ಕೆಲವೇ ತಾಸು, ಅದೂ ಎಷ್ಟು ಹೊತ್ತಿಗೋ. ಖೋಲಿಯಲ್ಲಿ ರಾತ್ರಿ ಎರಡು ಬಲ್ಬು, ಒಂದು ಡಿಸಿ ಫ್ಯಾನು, ಬೇಲಿಯ ಝಟಕಾ ಮಷಿನ್ನು, ಆಳಿನ ಮೊಬೈಲು, ಇಷ್ಟು ನಡೆಯಬೇಕೆಂದರೆ ಸೋಲಾರೇ ಗತಿ. ಹಾಗಾಗಿ ಮಾಸ್ತರ್ರು ಮೊದಲು ತಂದದ್ದು 100 ವ್ಯಾಟಿನ ಒಂದು ಪ್ಲೇಟು, 12 ವೋಲ್ಟಿನ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ, ನಡುವೆ ಅಂಗೈ ಅಗಲದ ನೀಲಿ ಕಂಟ್ರೋಲರು. ಫ್ಯಾನಿನ ಸ್ವಿಚ್ಚು ಮುಟ್ಟದ ಡಿಸೆಂಬರಿನಲ್ಲಿ ಬ್ಯಾಟರಿ ತುಂಬಿತು. ಏಪ್ರಿಲ್ ಬಂತು, ಬಿಸಿಲು ಉರಿಯಿತು, ಫ್ಯಾನು ತಿರುಗಿತು, ಬ್ಯಾಟರಿ ತುಂಬಲಿಲ್ಲ.

ಮಾಸ್ತರ್ರು ಎಲ್ಲರೂ ಮಾಡುವುದನ್ನೇ ಮಾಡಿದರು: ದೊಡ್ಡ ಪ್ಲೇಟು ಕೊಳ್ಳಲು ಅಂಗಡಿಗೆ ಹೋದರು. "ಸಣ್ಣ ಪ್ಲೇಟ್ ಈಗ ಯಾರು ಒಯ್ತಾರ್ರಿ ಸರ? 540 ವ್ಯಾಟಿಂದು ತಗೋರಿ, ಚಿಂತಿ ಬಿಡ್ರಿ" ಎಂದ ಹುಡುಗ. ಅದರ ಉದ್ದ ಏಳೂವರೆ ಅಡಿ, ತೂಕ 27–28 ಕಿಲೋ. ಬಸ್ಸಿನಲ್ಲಿ ಒಯ್ಯುವ ಮಾತೇ ಇಲ್ಲ. ತೊಗರಿ ಚೀಲ ಇಳಿಸಿ ಖಾಲಿ ಮರಳುತ್ತಿದ್ದ ಟೆಂಪೊದಲ್ಲಿ ಅದು ಕಮಲಾಪುರ ಸೇರಿತು. ಕಂಟ್ರೋಲರನ್ನೂ ಬದಲಿಸಿದರು. ಹೊಸದರ ಮೇಲೆ ದಪ್ಪಕ್ಷರದಲ್ಲಿ 'ಎಂಪಿಪಿಟಿ' ಎಂದಿತ್ತು. ಸಂಜೆಯೊಳಗೆ ಬ್ಯಾಟರಿ ತುಂಬಿ ಹಸಿರು ದೀಪ ಹತ್ತಿತು.

ಅಲ್ಲಿಗೆ ಬೇರೆಯವರ ಕಥೆಯಾಗಿದ್ದರೆ ಮುಗಿಯುತ್ತಿತ್ತು. ಇವರು ಗಣಿತದ ಮಾಸ್ತರ್ರು. ಮರುದಿನ ನೆತ್ತಿಯ ಮೇಲೆ ಸೂರ್ಯನಿರುವಾಗ ವೈರ್‌ಮನ್ನನ ಕ್ಲ್ಯಾಂಪ್ ಮೀಟರ್ ಇಸಿದುಕೊಂಡು ಅಳೆದರು. ಬ್ಯಾಟರಿಗೆ ಹೋಗುತ್ತಿದ್ದದ್ದು 13 ಆಂಪಿಯರು, ಬ್ಯಾಟರಿಯ ವೋಲ್ಟು 13. ಹದಿಮೂರ ಹದಿಮೂರಲೆ ನೂರಾ ಅರವತ್ತೊಂಬತ್ತು. ಮಗ್ಗಿ ತಪ್ಪುವ ಪ್ರಶ್ನೆಯೇ ಇಲ್ಲ. ನಲವತ್ತು ವರ್ಷ ಮಕ್ಕಳ ಬೆನ್ನು ಕಾಯಿಸಿ ಕಲಿಸಿದ ಮಗ್ಗಿ ಅದು. ಹಾಗಾದರೆ 540ರಲ್ಲಿ ಉಳಿದ 371 ವ್ಯಾಟು ಎಲ್ಲಿ ಹೋಯಿತು?

"ಲೈಟ್ ಹತ್ತಲತ್ತಾವ, ಫ್ಯಾನ್ ತಿರಗಲತ್ತದ, ಇನ್ನೇನು ಬೇಕ್ರಿ ನಿಮಗ?" ಎಂದು ಮನೆಯಲ್ಲಿ ಕೇಳಿದರು. ನ್ಯಾಯವಾದ ಪ್ರಶ್ನೆ. ಮಾಸ್ತರ್ರಿಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಲೆಕ್ಕದ ಬೇರು 1859ರಷ್ಟು ಹಿಂದಿದೆ. ಆ ವರ್ಷ ಫ್ರಾನ್ಸಿನ ಗಾಸ್ತೋನ್ ಪ್ಲಾಂತೆ ಸೀಸದ ಬ್ಯಾಟರಿ ಮಾಡಿದ. ಅದರ ಒಂದು ಕೋಶಕ್ಕೆ 2 ವೋಲ್ಟು. ಆರು ಕೋಶ ಸೇರಿದರೆ ನಮ್ಮ 12 ವೋಲ್ಟಿನ ಬ್ಯಾಟರಿ. ಅದನ್ನು ಪೂರ್ತಿ ತುಂಬಲು ಸುಮಾರು 14.4 ವೋಲ್ಟಿನ ಒತ್ತಡ ಬೇಕು. ಇತ್ತ 1954ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನವರು ತೋರಿಸಿದ ಸಿಲಿಕಾನ್ ಸೌರಕೋಶ ದುಡಿಯುವಾಗ ಕೊಡುವುದು ಅರ್ಧ ವೋಲ್ಟಿನಷ್ಟು. 36 ಕೋಶ ಸಾಲಾಗಿ ಜೋಡಿಸಿದರೆ 18. ಹದಿನೈದು ಸಾಕಾಗುವಲ್ಲಿ ಹದಿನೆಂಟು ಯಾಕೆ? ಬಿಸಿಲಿಗಾಗಿ. ಅಂದರೆ, ಕಲಬುರಗಿಯಂಥ ಊರುಗಳಿಗಾಗಿ.

ಸೌರಕೋಶಕ್ಕೆ ಬೆಳಕು ಬೇಕು, ಕಾವು ಬೇಡ. ಪ್ಲೇಟಿನ ಮೇಲೆ ಬರೆದ ವ್ಯಾಟು, ವೋಲ್ಟುಗಳೆಲ್ಲ ಪ್ರಯೋಗಾಲಯದಲ್ಲಿ ಕೋಶ 25 ಡಿಗ್ರಿ ಇರುವಾಗ ಅಳೆದವು. ಏಪ್ರಿಲಿನಲ್ಲಿ ಕಮಲಾಪುರದ ತಗಡಿನ ಮೇಲೆ ಕೋಶದ ತಾಪ 65–70 ಡಿಗ್ರಿಗೆ ಏರುತ್ತದೆ. ಏರುವ ಪ್ರತಿ ಡಿಗ್ರಿಗೂ ದುಡಿಯುವ ವೋಲ್ಟು ಶೇಕಡಾ 0.4ರ ಆಸುಪಾಸು ಇಳಿಯುತ್ತದೆ. 18 ವೋಲ್ಟು 15ಕ್ಕೆ ಬಂದು ನಿಲ್ಲುತ್ತದೆ. 1980ರ ದಶಕದಲ್ಲಿ ಕೆಲವು ಕಂಪನಿಗಳು ಜಾಣತನ ಮಾಡಿ ಮೂವತ್ತರಿಂದ ಮೂವತ್ತಮೂರು ಕೋಶಗಳ ಪ್ಲೇಟು ತಂದಿದ್ದವು. ಬ್ಯಾಟರಿ ತುಂಬಿದೊಡನೆ ಕರೆಂಟು ತಾನೇ ಇಳಿಯುತ್ತದೆ, ಕಂಟ್ರೋಲರೇ ಬೇಡ ಎಂಬ ಭರವಸೆ. ಬಿಸಿ ಪ್ರದೇಶಗಳಲ್ಲಿ ಅವು ಬ್ಯಾಟರಿಯನ್ನು ತುಂಬುವ ಮೊದಲೇ ಕೈಚೆಲ್ಲಿದವು.

ಬಿಸಿಲಿಗೆ ಮಾಡು ಕಟ್ಟಿ ಬದುಕಬೇಕೆಂದು ಈ ಊರು ಹಿಂದೆಯೇ ಅರಿತಂತಿದೆ. ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿಯನ್ನು ನೋಡಿದವರಿಗೆ ಗೊತ್ತು: ಬೇರೆಡೆ ತೆರೆದ ಅಂಗಳವಿರುವ ಜಾಗದಲ್ಲಿ ಇಲ್ಲಿ ಕಮಾನುಗಳ ಸಾಲು, ಮೇಲೆ ಸಣ್ಣ ಗುಮ್ಮಟಗಳ ಮುಚ್ಚಿಗೆ. ವಾಸ್ತುಪಂಡಿತರು ಇದಕ್ಕೆ ಏನೇನೋ ಕಾರಣ ಹೇಳುತ್ತಾರೆ. ಮೇ ತಿಂಗಳ ಮಧ್ಯಾಹ್ನ ಒಳಗೆ ಹೋಗಿ ಕೂತ ಮಾಸ್ತರ್ರಿಗೆ ಬೇರೆ ಕಾರಣ ಬೇಕೆನಿಸಿಲ್ಲ. ಸೋಲಾರ್ ಪ್ಲೇಟಿಗೆ ಮಾತ್ರ ನೆರಳಿನ ಭಾಗ್ಯವಿಲ್ಲ. ತಗಡಿಗೂ ಪ್ಲೇಟಿಗೂ ನಡುವೆ ಗೇಣುದ್ದ ಸಂದಿ ಬಿಟ್ಟು, ಕೆಳಗಿನಿಂದ ಗಾಳಿ ಆಡಲು ಬಿಡಬಹುದು. ಅಷ್ಟೇ ಅದಕ್ಕೆ ನಾವು ಮಾಡಬಹುದಾದ ಉಪಚಾರ.

ಮಾಸ್ತರ್ರ ಮೊದಲ ಪ್ಲೇಟಿನ ಗುಟ್ಟು ಅರ್ಧ ಇಲ್ಲೇ ಬಿಡಿಸಿಕೊಂಡಿತು. ಮಿಕ್ಕರ್ಧ ವೈರಿನಲ್ಲಿತ್ತು. ಪ್ಲೇಟು ಪಂಪಿನ ಶೆಡ್ಡಿನ ಮೇಲೆ, ಬ್ಯಾಟರಿ ಖೋಲಿಯಲ್ಲಿ; ನಡುವೆ 20 ಮೀಟರು, ಹೋಗಿ ಬರಲು 40. ಹಾಕಿದ್ದು ಮನೆಯ ವೈರಿಂಗಿನಲ್ಲಿ ಉಳಿದಿದ್ದ ಎರಡೂವರೆ ಎಂಎಂ ತಾಮ್ರದ ವೈರು. ಮನೆಯ 230 ವೋಲ್ಟಿಗೆ ಅದು ಧಾರಾಳ. ಐದೂವರೆ ಆಂಪಿಯರು ಅದರೊಳಗೆ ಹರಿದರೆ ದಾರಿಯಲ್ಲೇ 1.6 ವೋಲ್ಟು ಕಳೆಯುತ್ತದೆ. ಹದಿನೈದರಲ್ಲಿ ಅದನ್ನು ಕಳೆಯಿರಿ: 13.4. ಬೇಕಾದದ್ದು 14.4. ಬಿಸಿಲು ಎಷ್ಟೇ ಹೊಡೆದರೂ ಆ ಬ್ಯಾಟರಿ ಪೂರ್ತಿ ತುಂಬುವಂತಿರಲಿಲ್ಲ. ಅದರ ಮೇಲೆ ಫ್ಯಾನಿನ ಖರ್ಚು ಬೇರೆ.

ಹಾಗೆ ನೋಡಿದರೆ ಹಳೆಯ ಕಾಲದ ಸೋಲಾರು ಗಿರಾಕಿಗೆ ಇಂಥ ತಲೆನೋವು ಕೊಟ್ಟಿರಲಿಲ್ಲ. ಸರ್ಕಾರದ ಮಾದರಿಯ ಮನೆದೀಪದಲ್ಲಿ 37 ವ್ಯಾಟಿನ ಪ್ಲೇಟು, 40 ಎಎಚ್ ಬ್ಯಾಟರಿ, 9 ವ್ಯಾಟಿನ ಎರಡು ಸಿಎಫ್‌ಎಲ್ ಬಲ್ಬು ಎಂದು ಮೊದಲೇ ಗೊತ್ತುಮಾಡಿದ ಜೋಡಿ ಬರುತ್ತಿತ್ತು. ಹರೀಶ್ ಹಂದೆ 1995ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸೆಲ್ಕೊ ಕಂಪನಿ ಕರ್ನಾಟಕದ ಹಳ್ಳಿಗಳಿಗೆ ಸೋಲಾರ್ ದೀಪ ಒಯ್ದದ್ದೂ ಸಣ್ಣ ಪ್ಲೇಟು, ಬ್ಯಾಂಕಿನ ಸಾಲ, ಮನೆಗೆ ಬಂದು ರಿಪೇರಿ ಮಾಡುವ ಹುಡುಗರು, ಈ ಮೂರರ ಬಲದಿಂದ. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆ ಕಾಲದಲ್ಲಿ ಪ್ಲೇಟು ದುಬಾರಿ, ಒಂದೊಂದು ವ್ಯಾಟಿಗೂ ಲೆಕ್ಕ. ಹೊಂದಿಸುವ ಕೆಲಸ ತಿಳಿದವರ ಕೈಯಲ್ಲಿತ್ತು.

ಆಮೇಲೆ ಪ್ಲೇಟು ಅಗ್ಗವಾಯಿತು, ಜೊತೆಗೆ ಬೆಳೆಯಿತು. ಬೆಳೆದದ್ದು ಹೊಲದ ಖೋಲಿಗಾಗಿ ಅಲ್ಲ. ಪಾವಗಡದಲ್ಲಿ 13 ಸಾವಿರ ಎಕರೆಯ ಮೇಲೆ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಅಂಥ ಕಡೆ ಇಪ್ಪತ್ತು, ಇಪ್ಪತ್ತೈದು ಪ್ಲೇಟು ಸಾಲಾಗಿ ಕಟ್ಟಿ ಸಾವಿರ ವೋಲ್ಟು ಎಬ್ಬಿಸಿ ಇನ್ವರ್ಟರಿನ ಮೂಲಕ ಗ್ರಿಡ್ಡಿಗೆ ಕೊಡುತ್ತಾರೆ. ಅಲ್ಲಿಗೆಂದು ಮಾಡಿದ 540 ವ್ಯಾಟಿನ ಪ್ಲೇಟೇ ಕಲಬುರಗಿಯ ಅಂಗಡಿಯಲ್ಲೂ ಗೋಡೆಗೊರಗಿ ನಿಂತಿರುತ್ತದೆ. ಅದು ದುಡಿಯುವುದು ಸುಮಾರು 41.5 ವೋಲ್ಟಿನಲ್ಲಿ, 13 ಆಂಪಿಯರಿನಲ್ಲಿ. ಆ 13 ಮಾಸ್ತರ್ರ ಮೀಟರಿನಲ್ಲಿ ಸರಿಯಾಗಿಯೇ ಬಂದಿತ್ತು. ಕಳೆದುಹೋದದ್ದು ವೋಲ್ಟು.

ಕಳೆದದ್ದು ಹೇಗೆಂದು ಅವರಿಗೆ ಹೊಳೆದದ್ದು ಕಮಲಾಪುರದ ಬಸ್ಸಿನಲ್ಲಿ. ಐನೂರರ ನೋಟು ಕೊಟ್ಟರು. ಕಂಡಕ್ಟರ್ ಟಿಕೆಟಿನ ಹಿಂದೆ ಬಾಕಿ ಗೀಚಿ ಮುಂದೆ ಹೋದ. ಕಂಡಕ್ಟರುಗಳಲ್ಲಿ ಎರಡು ಜಾತಿ: ಇಳಿಯುವ ಮೊದಲು ಕರೆದು ಚಿಲ್ಲರೆ ಎಣಿಸಿ ಕೊಡುವವರು, ಮರೆಯುವವರು. ಕಂಟ್ರೋಲರುಗಳಲ್ಲೂ ಎರಡೇ. ಪಿಡಬ್ಲ್ಯುಎಂ ಎಂಬುದು ಪ್ಲೇಟನ್ನೂ ಬ್ಯಾಟರಿಯನ್ನೂ ಒಂದು ಸ್ವಿಚ್ಚಿನ ಮೂಲಕ ನೇರ ಕೂಡಿಸುತ್ತದೆ. ಬ್ಯಾಟರಿ 13ರಲ್ಲಿದ್ದರೆ ಪ್ಲೇಟೂ 13ಕ್ಕೆ ಇಳಿಯಬೇಕು, ಹೆಚ್ಚಿನ ವೋಲ್ಟಿಗೆ ವಾಪಸು ಏನೂ ಸಿಗದು. ಎಂಪಿಪಿಟಿ ಎಂಬುದು ಹೆಚ್ಚಿನ ವೋಲ್ಟನ್ನು ಇಳಿಸಿ, ಇಳಿಸಿದ್ದಕ್ಕೆ ತಕ್ಕಷ್ಟು ಆಂಪಿಯರು ಏರಿಸಿ ಬ್ಯಾಟರಿಗೆ ಎಣಿಸಿಕೊಡುತ್ತದೆ.

ಹಾಗಾದರೆ ಮಾಸ್ತರ್ರದು ಎಂಪಿಪಿಟಿಯೇ ಅಲ್ಲವೆ? ಮೇಲೆ ಬರೆದಿತ್ತಲ್ಲ! ಬರೆದಿತ್ತು. ಬರೆಯಲು ಬೇಕಾದದ್ದು ಮಸಿ ಮಾತ್ರ. ಅಗ್ಗದ ಪಿಡಬ್ಲ್ಯುಎಂ ಡಬ್ಬಿಗಳ ಮೇಲೆ ಎಂಪಿಪಿಟಿ ಎಂದು ಅಚ್ಚು ಹಾಕಿ ಮಾರುವುದು ಈ ಪೇಟೆಯ ಹಳೆಯ ಚಾಳಿ. ನಿಜವಾದದ್ದರೊಳಗೆ ತಾಮ್ರದ ದಪ್ಪ ಸುರುಳಿ ಇರಬೇಕು, ಕಾವು ಬಿಡಲು ಅಲ್ಯುಮಿನಿಯಂ ಮೈ ಇರಬೇಕು. ಕೈಗೆತ್ತಿಕೊಂಡರೆ ತೂಕ ಗೊತ್ತಾಗುತ್ತದೆ. ಪ್ಲೇಟಿನ ಕಡೆಯಿಂದ ಎಷ್ಟು ವೋಲ್ಟು ತಡೆದೀತು ಎಂಬ ಅಂಕಿಯೂ ಅದರ ಮೇಲೆ ಬೇರೆಯಾಗಿ ಇರುತ್ತದೆ, ಹೆಚ್ಚಾಗಿ 100 ಅಥವಾ 150. ಮಾಸ್ತರ್ರ ಡಬ್ಬಿ ಶರ್ಟಿನ ಜೇಬಿನಲ್ಲಿ ಹಿಡಿಸುವಷ್ಟು ಹಗುರ.

ಆ 100ರ ಅಂಕಿಯಿಂದಲೇ ಅವರ ಅಳಿಯ ಪೇಚಿಗೆ ಸಿಕ್ಕ. ಮಹಾಗಾಂವ್ ಕ್ರಾಸಿನ ಆಚೆ ಕೋಳಿ ಶೆಡ್ ಹಾಕಿದ್ದವನು ನಿಜವಾದ ಎಂಪಿಪಿಟಿಯನ್ನೇ ತಂದ; 100 ವೋಲ್ಟಿನದು. 540ರ ಎರಡು ಪ್ಲೇಟು ಸಾಲಾಗಿ ಕಟ್ಟಿದ. ಏನೂ ಹೊರೆಯಿಲ್ಲದೆ ಬಿಟ್ಟಾಗ ಒಂದೊಂದು ಪ್ಲೇಟಿನ ವೋಲ್ಟು 49.5, ಎರಡಕ್ಕೆ 99. "ನೂರರೊಳಗೇ ಅದಲ್ರೀ ಮಾವ" ಎಂದ. ಮೇ ತಿಂಗಳಲ್ಲಿ ಕಟ್ಟಿದ್ದು, ಬೇಸಿಗೆಯೆಲ್ಲ ನಡೆಯಿತು. ಡಿಸೆಂಬರಿನ ಒಂದು ಬೆಳಿಗ್ಗೆ, ಉಷ್ಣಾಂಶ 10–12 ಡಿಗ್ರಿ ಇರುವಾಗ, ಸೂರ್ಯ ಮೇಲೆ ಬರುತ್ತಿದ್ದಂತೆ ಕಂಟ್ರೋಲರು ಸತ್ತಿತು. ಕಾವು ಏರಿದರೆ ವೋಲ್ಟು ಇಳಿಯುವಂತೆ, ಚಳಿಗೆ ಏರುತ್ತದೆ. ಎಳೆಬಿಸಿಲಿಗೇ ವೋಲ್ಟು ಬಹುಪಾಲು ಎದ್ದು ನಿಲ್ಲುತ್ತದೆ, ಕೋಶ ಮಾತ್ರ ಇನ್ನೂ ತಣ್ಣಗಿರುತ್ತದೆ. 99 ಇದ್ದದ್ದು 103 ಆಯಿತು. ಕಲಬುರಗಿ ಸೀಮೆಯಲ್ಲಿ ಬ್ಯಾಟರಿಗೆ ಬೇಸಿಗೆಯ ಕಾಟ, ಕಂಟ್ರೋಲರಿಗೆ ಚಳಿಗಾಲದ ಕಾಟ. ಕೊಳ್ಳುವವರು ಕೊಳ್ಳುವುದು ಮಾತ್ರ ಕರೆಂಟು ಕೈಕೊಡುವ ಬೇಸಿಗೆಯಲ್ಲಿ. ಚಳಿಯ ನೆನಪು ಆಗ ಯಾರಿಗೆ ಬರಬೇಕು?

ಅಳಿಯನ ಇನ್ನೊಂದು ಪ್ಲ್ಯಾನೂ ಉಂಟು. ಪಿಎಂ ಸೂರ್ಯಘರ್ ಯೋಜನೆ 2024ರ ಫೆಬ್ರುವರಿಯಲ್ಲಿ ಬಂದ ಮೇಲೆ ಕಲಬುರಗಿಯ ಮನೆಯ ಮೇಲೆ 3 ಕಿಲೋವ್ಯಾಟು ಹಾಕಿಸಿದರೆ 78,000 ರೂಪಾಯಿವರೆಗೆ ಸಬ್ಸಿಡಿ ಸಿಗುತ್ತದೆಂದು ಅವನು ಹೇಳುತ್ತಿದ್ದಾನೆ. ಅಲ್ಲಿ ಬ್ಯಾಟರಿಯ ತಂಟೆ ಇಲ್ಲ. ಆದರೆ ಜೆಸ್ಕಾಂ ಕರೆಂಟು ಹೋದರೆ ಅದೂ ಹೋಗುತ್ತದೆ; ಲೈನಿನ ಮೇಲೆ ಕೆಲಸ ಮಾಡುವವನಿಗೆ ಶಾಕ್ ಹೊಡೆಯದಿರಲೆಂದು ಇನ್ವರ್ಟರು ತಾನೇ ಬಂದ್ ಆಗುವಂತೆ ಮಾಡಿರುತ್ತಾರೆ. ಮನೆಯ ಮೇಲೆ ಧಗಧಗ ಬಿಸಿಲು, ಒಳಗೆ ಫ್ಯಾನು ನಿಂತಿದೆ. ಮಾಸ್ತರ್ರಿಗೆ ಇದನ್ನು ಹೆಂಡತಿಗೆ ವಿವರಿಸುವ ಧೈರ್ಯ ಇನ್ನೂ ಬಂದಿಲ್ಲ.

ಇಷ್ಟೆಲ್ಲ ತಿಳಿದ ಮೇಲೆ 371 ವ್ಯಾಟು ವಾಪಸು ತರಲು ನಿಜವಾದ ಎಂಪಿಪಿಟಿ ತರುವುದೊಂದೇ ಬಾಕಿ. ಮಾಸ್ತರ್ರು ಪಟ್ಟಿ ಬರೆದು, ಕೊನೆಯ ಸಲ ಲೆಕ್ಕ ಹಾಕಿದರು. ಕಾವಿನ ನಷ್ಟ ಕಳೆದರೂ 460 ವ್ಯಾಟಿನ ಹತ್ತಿರ ಸಿಗುತ್ತದೆ. 12 ವೋಲ್ಟಿನ ಬ್ಯಾಟರಿಗೆ ಅದು 34 ಆಂಪಿಯರು. ಚಳಿಗಾಲದಲ್ಲಿ ಇನ್ನೂ ಹೆಚ್ಚು. 150 ಎಎಚ್ ಟ್ಯೂಬ್ಯುಲರಿಗೆ ಹಿತವಾದದ್ದು ಸುಮಾರು 15. ಅಂದರೆ ಎಂಪಿಪಿಟಿ ಬಂದಿದ್ದರೆ, ಆಂಪಿಯರಿಗೆ ಮಿತಿ ಹಾಕದ ಹೊರತು, ಬ್ಯಾಟರಿ ಕುದ್ದು ಕೆಡುತ್ತಿತ್ತು. ಚಿಲ್ಲರೆ ಮರೆತ ಆ ಹಗುರ ಡಬ್ಬಿಯೇ ಅವರ ಬ್ಯಾಟರಿಯನ್ನು ಉಳಿಸಿತ್ತು.

ಎರಡು ಬ್ಯಾಟರಿ ಸಾಲಾಗಿ ಕಟ್ಟಿ 24 ವೋಲ್ಟು ಮಾಡಿದರೆ ಆಂಪಿಯರು ಅರ್ಧಕ್ಕಿಳಿದು ಎಲ್ಲ ಸರಿಹೋಗುತ್ತದೆ. ಆದರೆ ಬಲ್ಬು, ಫ್ಯಾನು, ಝಟಕಾ ಮಷಿನ್ನು ಎಲ್ಲವೂ 12 ವೋಲ್ಟಿನವು. ಎರಡರಲ್ಲಿ ಒಂದೇ ಬ್ಯಾಟರಿಯಿಂದ ವೈರು ಎಳೆದುಕೊಂಡರೆ ಅದೊಂದೇ ಬೇಗ ಹಾಳಾಗುತ್ತದೆ. 24ನ್ನು 12 ಮಾಡುವ ಕನ್ವರ್ಟರು ತರಬೇಕು. ಎರಡು ಬಲ್ಬು ಉರಿಸಲು ಇಷ್ಟು ದೊಡ್ಡ ಸಂಸಾರ ಹೂಡುವುದೆ?

ಬಾಳೆ ಗಿಡ ಕೂಡ ಈ ಲೆಕ್ಕದಲ್ಲಿ ಕೈ ಹಾಕಿದೆ. ಕೆಂಪು ಬಾಳೆ ಎತ್ತರದ ಗಿಡ. ಮಧ್ಯಾಹ್ನ ಮೂರರ ನಂತರ ಅದರ ಒಂದು ಎಲೆ ಶೆಡ್ಡಿನ ತಗಡಿನ ಮೇಲೆ ನೆರಳು ಚೆಲ್ಲುತ್ತದೆ. 36 ಕೋಶದ ಪ್ಲೇಟಿನಲ್ಲಿ, ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟು ಹರಿಯಲೆಂದು, ಸಾಮಾನ್ಯವಾಗಿ ಎರಡು ಬೈಪಾಸ್ ಡಯೋಡು. ಒಂದು ಕೋಶದ ಮೇಲೆ ದಟ್ಟ ನೆರಳು ಬಿದ್ದರೂ ಅರ್ಧ ಪ್ಲೇಟು ಬಿಟ್ಟುಹೋಗಿ 9 ವೋಲ್ಟು ಉಳಿಯುತ್ತದೆ. 12ರ ಬ್ಯಾಟರಿಗೆ ಅದು ಸೊನ್ನೆ. 540ರ ದೊಡ್ಡ ಪ್ಲೇಟಿನಲ್ಲಿ ಡಯೋಡು ಮೂರು. ಒಂದು ಭಾಗ ನೆರಳಿಗೆ ಹೋದರೂ 27 ವೋಲ್ಟು ಮಿಕ್ಕಿ ಬ್ಯಾಟರಿಗೆ ಚಾರ್ಜು ಹೋಗುತ್ತಲೇ ಇರುತ್ತದೆ. ವ್ಯರ್ಥವೆಂದುಕೊಂಡಿದ್ದ ಹೆಚ್ಚುವರಿ ವೋಲ್ಟು ಬಾಳೆ ಎಲೆಗೂ ಉದ್ದ ವೈರಿಗೂ ಆಗಿಬಂತು. ಇದನ್ನು ಕೇಳಿದ ಆಳು "ಎಲಿ ಕೊಯ್ದು ಬಿಡ್ಲೇನ್ರಿ ಮಾಸ್ತರ್ರ?" ಎಂದ. ಗಣಿತದಲ್ಲಿ ಅದಕ್ಕಿಂತ ಚೊಕ್ಕ ಉತ್ತರ ಇರಲಿಲ್ಲ.

ಕಮಲಾಪುರದ ಖೋಲಿಗೆ ಬೇಕಿದ್ದದ್ದು ದಿನಕ್ಕೆ ಅರ್ಧ ಯುನಿಟ್ಟು. ಇಲ್ಲಿನ ಬಿಸಿಲಿಗೆ, 36 ಕೋಶದ 100 ವ್ಯಾಟಿನ ಎರಡು ಪ್ಲೇಟು ಪ್ಯಾರಲಲ್ ಆಗಿ ಕಟ್ಟಿ, ಬ್ಯಾಟರಿಯನ್ನು ಪ್ಲೇಟಿನ ಕೆಳಗೇ ಇಟ್ಟು, ಐದು ಮೀಟರು 6 ಎಂಎಂ ವೈರು ಎಳೆದು, 20 ಆಂಪಿಯರಿನ ಪ್ರಾಮಾಣಿಕ ಪಿಡಬ್ಲ್ಯುಎಂ ಹಾಕಿದ್ದರೆ ಸಾಕಿತ್ತು. ಮನೆಗೋ ಕೋಳಿ ಶೆಡ್ಡಿಗೋ ದೊಡ್ಡ ಪ್ಲೇಟೇ ಬೇಕಾದವರು 24 ವೋಲ್ಟಿಗೆ ಹೋಗಲಿ, 150 ವೋಲ್ಟು ತಡೆಯುವ ಎಂಪಿಪಿಟಿ ಕೊಳ್ಳಲಿ. ಪ್ಲೇಟಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಎರಡೂ ವೋಲ್ಟು ಬರೆದಿರುತ್ತವೆ: ದುಡಿಯುವಾಗಿನದು, ಹೊರೆಯಿಲ್ಲದಾಗಿನದು. ಗಿರಾಕಿ ಅದನ್ನು ತಿರುಗಿಸಿ ನೋಡುವುದಿಲ್ಲ, ಅಂಗಡಿಯವರು ಹೇಳುವುದಿಲ್ಲ; ಬಿಲ್ಲಿನಲ್ಲಿ ಇರುವುದು ವ್ಯಾಟು ಮತ್ತು ರೂಪಾಯಿ ಎರಡೇ. ಕಲಬುರಗಿಯ ಸೋಲಾರ್ ಅಂಗಡಿಯವರು ಬಿಲ್ಲಿನಲ್ಲಿ ವ್ಯಾಟಿನ ಪಕ್ಕ ಆ ಎರಡು ವೋಲ್ಟುಗಳನ್ನೂ ಬರೆದು ಕೊಡಲಿ. ಬರೆಯದಿದ್ದರೆ, ದುಡ್ಡು ಎಣಿಸುವ ಮೊದಲು ನೀವೇ ಕೇಳಿ ಬರೆಸಿಕೊಳ್ಳಿ.